ದರೆ ನಿಂತ ಮಳೆಗಾಲ

ನರಸಿಂಹರಾಜಪುರದ ಪೇಟೆ ಮುಗಿದು ಸೀತೂರಿನ ದಾರಿ ಹಿಡಿಯುವಲ್ಲಿ ಹಿಂದೆ ಒಂದು ಹಂಚಿನ ಕಾರ್ಖಾನೆ ಇತ್ತು. ಸೀತಕ್ಕ ಅಲ್ಲಿ ಹಸಿ ಹಂಚು ಹೊರುತ್ತಿದ್ದಳು. ಗಂಡ ಗುರುವ ಕಾರ್ಖಾನೆಯ ಹಿಂದಿನ ಗುಂಡಿಯಲ್ಲಿ ಜೇಡಿಮಣ್ಣು ಅಗೆಯುತ್ತಿದ್ದ. ಒಂದು ಆಷಾಢದ ಬೆಳಿಗ್ಗೆ ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದ ಎರಡಾಳೆತ್ತರದ ಮಣ್ಣಿನ ದರೆ ಅವನ ಮೇಲೆ ಕುಸಿಯಿತು. ಮಣ್ಣು ಸರಿಸಿ ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಮಳೆ ಹೆಚ್ಚಾಯ್ತು, ದರೆ ಜರೀತು. ಯಾರೆಂತ ಮಾಡ್ಲಿಕ್ಕಾಗ್ತದೆ?" ಎಂದರು ಮೇಸ್ತ್ರಿ. ಎಲ್ಲರೂ ಹಾಗೇ ಅಂದರು. ಸೀತಕ್ಕನೂ ಅದನ್ನೇ ನಂಬಿದಳು. ಮಗಳು ರಮ್ಯಳಿಗೆ ಆಗ ನಾಲ್ಕು ವರ್ಷ.

ಮನೆಗಳಿಗೆ ಶೀಟು, ಆರ್‌ಸಿಸಿ ಬಂದ ಮೇಲೆ ಹಂಚು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿತು. ಚಿಮಣಿ ಉರುಳಿತು. ಅಂಗಳದ ತುಂಬ ಒಡೆದ ಹಂಚು, ಗುಂಡಿಯ ತುಂಬ ಪೇಟೆಯ ಕಸ. ತೋಟದ ಕೂಲಿಗೆ ಹೋಗತೊಡಗಿದ ಸೀತಕ್ಕ ಆ ಹಾದಿ ಬಿಟ್ಟು ಸುತ್ತು ಬಳಸಿ ಓಡಾಡಿದಳು.

ಹೋದ ವರ್ಷ ಆ ಹಾಳು ಜಾಗವನ್ನು ಉದ್ಯಾನ ಮಾಡುವ ಕೆಲಸ ಶುರುವಾಯಿತು. ಅದರ ಉಸ್ತುವಾರಿ ದೀಪಶ್ರೀಯದು. ಶೃಂಗೇರಿ ಕಡೆಯ ಹುಡುಗಿ, ಉದ್ಯಾನ ವಿನ್ಯಾಸ ಓದಿಕೊಂಡವಳು. ಮಂಡಿನೋವಿಗೆ ದೂರದ ತೋಟಗಳಿಗೆ ನಡೆಯಲಾಗದೆ ಸೀತಕ್ಕ ಅಲ್ಲಿ ಆಳಾಗಿ ಸೇರಿದಳು. ಒಡೆದ ಹಂಚು ಕಾಲುದಾರಿಗೆ ಹಾಸಾಯಿತು. ಹೊರಗಿನ ಗಿಡ ಯಾವುದೂ ಬೇಡವೆಂದು ದೀಪಶ್ರೀ ಹೊಳೆದಾಸವಾಳ, ನೇರಳೆ, ಹೊಂಗೆ ನೆಡಿಸಿದಳು. ಅಂಗಳದ ನೀರು ಎಲ್ಲೆಲ್ಲಿ ಹರಿಯುತ್ತದೆಂದು ಸೀತಕ್ಕನೇ ತೋರಿಸಿಕೊಟ್ಟಳು. ಗುಂಡಿಗೆ ಮಾತ್ರ ಇಳಿಯಲಿಲ್ಲ.

ಬೇಸಿಗೆಯಲ್ಲಿ ಗುಂಡಿಯ ಕಸ ತೆಗೆದು ಕೆರೆ ಮಾಡುವ ಸರದಿ ಬಂತು. ಜೆಸಿಬಿ ನೆಟ್ಟಗಿದ್ದ ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿತು. ಗೋಣಿಚೀಲಗಳಲ್ಲಿ ಲಾವಂಚದ ಬುಡಗಳು ಬಂದವು.

"ಇದೆಂತಕ್ಕೆ ಇಷ್ಟೊಂದು?" ಸೀತಕ್ಕ ಕೇಳಿದಳು.

"ಇದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡ್ಕೊಳ್ತದೆ ಸೀತಕ್ಕ. ಮಳೆಗೆ ದರೆ ಜರಿಯಲ್ಲ."

"ಈಗ ಹೊಸದಾಗಿ ಕಂಡುಹಿಡಿದದ್ದಾ?"

"ಇಲ್ಲಪ್ಪ, ಹಳೇ ಕ್ರಮ. ದರೆ ನೆಟ್ಟಗೆ ಕಡೀಬಾರ್ದು ಅಂತ ಮಣ್ಣು ಕೆಲಸದವರಿಗೆಲ್ಲ ಗೊತ್ತು. ಮೆಟ್ಟಿಲು ಮಾಡಿದ್ರೆ ಮಣ್ಣು ಕಡಿಮೆ ಸಿಗ್ತದೆ, ಅಷ್ಟೆ."

ಸೀತಕ್ಕ ಚೀಲದ ಮೇಲೆ ಕೂತಳು. "ನಮ್ಮೋರು ಹೋಗಿದ್ದು ಇಲ್ಲೇ ಮಾರಾಯ್ತಿ" ಎಂದಳು.

ದೀಪಶ್ರೀಯ ಕೈಯಿಂದ ಗುದ್ದಲಿ ತೆಗೆದುಕೊಂಡು ಸೀತಕ್ಕ ಹದಿನಾರು ವರ್ಷದಲ್ಲಿ ಮೊದಲ ಸಲ ಗುಂಡಿಗೆ ಇಳಿದಳು. ಗುರುವ ಸಿಕ್ಕಿಕೊಂಡಿದ್ದ ಆ ಬದಿಯ ಲಾವಂಚವನ್ನೆಲ್ಲ ಮೂರು ದಿನ ಒಬ್ಬಳೇ ನೆಟ್ಟಳು. ಬೇರೆಯವರಿಗೆ ಮುಟ್ಟಗೊಡಲಿಲ್ಲ.

ಆಷಾಢದಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆಯಿತು. ಒಂಬತ್ತನೆಯ ಬೆಳಿಗ್ಗೆ ಸೀತಕ್ಕ ರಮ್ಯಳನ್ನು ಕರೆದುಕೊಂಡು ನೋಡಲು ಹೋದಳು. ಕೆರೆ ತುಂಬಿತ್ತು. ದರೆಯಿಂದ ಒಂದು ಹೆಂಟೆಯೂ ಉದುರಿರಲಿಲ್ಲ. ಸೀತಕ್ಕ ಅಲ್ಲೇ ಕೂತು, ಗಂಡ ಸತ್ತ ದಿನವೂ ಅಳದಷ್ಟು ಜೋರಾಗಿ ಅತ್ತಳು.

"ದರೆ ಗಟ್ಟಿ ನಿಂತಿದೆಯಲ್ಲಮ್ಮ, ಎಂತಕ್ಕೆ ಅಳ್ತೀಯ?"

"ನಿಂತದ್ದಕ್ಕೇ ಮಗಾ."

ಈಗ ಸಂಜೆ ಹೊತ್ತು ಜನ ಅಲ್ಲಿಗೆ ಗಾಳಿಗೆ ಬರುತ್ತಾರೆ. ಸೀತಕ್ಕ ಕಳೆ ಕೀಳುವ ಕೆಲಸಕ್ಕಿದ್ದಾಳೆ. ಆಗ ದರೆಯನ್ನು ನೆಟ್ಟಗೆ ಕಡಿಸಿದ್ದೇಕೆಂದು ಕೇಳೋಣವೆಂದರೆ ಮೇಸ್ತ್ರಿ ತೀರಿಹೋಗಿದ್ದಾರೆ. ಕಾರ್ಖಾನೆಯ ಧಣಿಗಳು ಎಲ್ಲಿದ್ದಾರೋ ಊರಲ್ಲಿ ಯಾರಿಗೂ ಗೊತ್ತಿಲ್ಲ.