ಹೆಬ್ಬಲಸಿನ ಬುಡದಲ್ಲಿ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವಾಗಿಯೇ ಕಂಡುಹಿಡಿದು ನಕ್ಕರೆ ಅದಕ್ಕೂ ಹೊಟ್ಟೆ ಉರಿಯುತ್ತದೆ. ಪಕ್ಕದ ಮನೆಯ ದಾಸವಾಳ ನಮ್ಮದಕ್ಕಿಂತ ಮೊದಲು ಮೊಗ್ಗು ಬಿಟ್ಟರೆ ಸಾಕು, ಆ ದಿನ ನನಗೆ ಕಾಫಿ ರುಚಿಸುವುದಿಲ್ಲ. ನಮ್ಮ ಹಿರಿಯರು ಕೋಪವನ್ನು ಮೂಗಿನ ತುದಿಯಲ್ಲಿ ಕೂರಿಸಿದರು, ಮಮತೆಯನ್ನು ಕರುಳಲ್ಲಿ, ಅಹಂಕಾರವನ್ನು ನೆತ್ತಿಯ ಮೇಲೆ. ಅಸೂಯೆಗೆ ಹೊಟ್ಟೆಯನ್ನು ಬಿಟ್ಟುಕೊಟ್ಟವರು ಯಾರೋ ಅನುಭವಸ್ಥರೇ ಇರಬೇಕು. ನಾನು ಸಾಗರದ ಒಂದು ಸಾಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮರ ಕೊಯ್ಯುವ ಮೇಸ್ತ್ರಿ. ಅಲ್ಲಿ ಚಹಾ ಕಾಯಿಸಲು ಗರಗಸದ ಪುಡಿ ತುಂಬಿದ ಒಲೆಯೊಂದಿದೆ. ಅದರ ಉರಿ ಕಾಣುವುದಿಲ್ಲ, ಹೊಗೆಯೂ ಅಷ್ಟಕ್ಕಷ್ಟೆ; ಆದರೆ ಬೆಳಿಗ್ಗೆ ಹಚ್ಚಿದರೆ ಸಂಜೆಯವರೆಗೆ ಕಾವು ಆರುವುದಿಲ್ಲ. ನನ್ನದು ಅದೇ ಜಾತಿಯ ಕಿಚ್ಚು.

ಇಂಥ ನಾನೂ ಮಗಳ ವಿಷಯದಲ್ಲಿ ಮಾತ್ರ ನಿಶ್ಚಿಂತನಾಗಿದ್ದೆ. ಮಾನ್ಯ ಈ ಸಲ ಆರನೇ ಕ್ಲಾಸು ಮುಗಿಸಿದಳು. ಅವಳು ನಾಲ್ಕು ವರ್ಷದವಳಿದ್ದಾಗ ಶುರುವಾದ ಆಟ ನಮ್ಮದೊಂದಿದೆ. ಹಿಂದಿನಿಂದ ಬಂದು ಒಂದು ಕೈಯಲ್ಲಿ ನನ್ನ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಮರದ ಚಕ್ಕೆಯನ್ನು ಮೂಗಿಗೆ ಹಿಡಿಯುತ್ತಾಳೆ. ನಾನು ಮೂಸಿ ಹೇಳಬೇಕು. ಸಾಗುವಾನಿ, ಬೀಟೆ, ಹೊನ್ನೆ, ಹಲಸು. ಒಂದು ದಿನವೂ ತಪ್ಪಿಲ್ಲ. "ನಮ್ಮಪ್ಪಂಗೆ ಗೊತ್ತಿಲ್ದಿರೋ ಮರಾನೇ ಇಲ್ಲ" ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೆ ಸಿಕ್ಕ ಪದವಿ ಅದೊಂದೇ.

ಆ ಪದವಿಗೆ ಏಪ್ರಿಲ್ ರಜೆಯಲ್ಲಿ ಕುತ್ತು ಬಂತು. ದೊಡ್ಡ ದೊಡ್ಡ ಮರಗಳಿರುವ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದು ಹೊರಡಿಸಿದವಳು ನನ್ನ ಹೆಂಡತಿ ಸುಜಾತ. "ಮಿಲ್ಲಲ್ಲಿ ಮಲಗಿರೋ ಮರ ನೋಡಿದ್ದು ಸಾಕು, ನಿಂತಿರೋದನ್ನೂ ಒಂದ್ಸಲ ನೋಡಿ" ಎಂದಳು. ಹೊಸನಗರದಲ್ಲಿ ಅವಳ ತಂಗಿಯ ಮನೆಯ ನೀರುದೋಸೆ, ತೀರ್ಥಹಳ್ಳಿಯಲ್ಲಿ ಎಳನೀರು, ಆಗುಂಬೆಯ ಹತ್ತಿರ ಮಗಳಿಗೊಂದು ವಾಂತಿ, ಹೀಗೆ ಕ್ರಮವಾಗಿ ಮುಂದುವರಿದು ಹನ್ನೊಂದರ ಹೊತ್ತಿಗೆ ಕಾಡಿನ ಗೇಟು ಮುಟ್ಟಿದೆವು. ಒಳಗೆ ನಡೆಯಲು ಜೊತೆಗೆ ಗಾರ್ಡ್ ಬೇಕೆಂದು ಮಂಜಪ್ಪ ಎಂಬವರನ್ನು ಕಳಿಸಿದರು. ಸಣಕಲು ಆಳು, ನನ್ನದೇ ಪ್ರಾಯ. ಮಾತು ಎಷ್ಟು ಮೆಲ್ಲಗೆಂದರೆ ಕೇಳಬೇಕಾದರೆ ಹತ್ತಿರ ಹೋಗಲೇಬೇಕು. ಮಗಳು ಹೋದಳು.

ಹತ್ತು ನಿಮಿಷ ನಡೆದಿದ್ದೆವು. ಒಂದು ಮರ ಎದುರಾಯಿತು. ಅದರ ಬುಡವನ್ನು ನಾವು ಮೂವರೂ ಕೈ ಕೈ ಹಿಡಿದರೂ ತಬ್ಬಲಾಗಲಿಲ್ಲ. ತುದಿ ನೋಡಲು ಹೋಗಿ ಸುಜಾತಳ ಕುತ್ತಿಗೆ ಹಿಡಿದುಕೊಂಡಿತು. ಮಗಳು ನನ್ನತ್ತ ತಿರುಗಿ "ಅಪ್ಪ, ಇದ್ಯಾವ ಮರ?" ಎಂದಳು.

ಈಗ ನಿಮ್ಮಲ್ಲಿ ಒಂದು ಗುಟ್ಟು ಹೇಳಬೇಕು. ನಮ್ಮ ಮಿಲ್ಲಿಗೆ ಬರುವ ಮರಕ್ಕೆ ಎಲೆ ಇರುವುದಿಲ್ಲ, ಕೊಂಬೆ ಇರುವುದಿಲ್ಲ. ಅರಣ್ಯ ಇಲಾಖೆಯ ಡಿಪೋದವರು ಹೊಡೆದ ನಂಬರ್ ಇರುತ್ತದೆ. ಅದನ್ನು ಸೀಳಿದ ಮೇಲೆ ಬಣ್ಣ, ಎಳೆ, ವಾಸನೆ ನೋಡಿ ಅದರ ಜಾತಕ ಹೇಳಬಲ್ಲೆ. ನಿಂತ ಮರದ ಮುಂದೆ ನಾನು, ಫೋಟೋಕ್ಕೆ ಹಾರ ಬಿದ್ದ ಮೇಲಷ್ಟೇ ಜನರ ಪರಿಚಯವಾದವನ ಹಾಗೆ. ಆದರೆ ಮಗಳು ಮುಖ ನೋಡುತ್ತಿದ್ದಾಳೆ. "ನಂದಿ" ಎಂದೆ, ಗಟ್ಟಿಯಾಗಿ.

ಮಂಜಪ್ಪ ನನ್ನನ್ನು ನೋಡಲಿಲ್ಲ. ಬಗ್ಗಿ, ಉದುರಿದ ಎಲೆಯೊಂದನ್ನೂ ಮುಳ್ಳುಮುಳ್ಳಿನ ಪುಟ್ಟ ಕಾಯಿಯನ್ನೂ ಹೆಕ್ಕಿ ಅವಳ ಅಂಗೈಗಿಟ್ಟರು. "ಇದು ಹೆಬ್ಬಲಸು ಪುಟ್ಟಿ. ಕಾಡುಹಲಸು ಅಂತ್ಲೂ ಹೇಳ್ತೀವಿ. ಕಾಯಿ ಒತ್ತಿ ನೋಡು, ಹಾಲು ಬತ್ತದೆ."

ಹಾಲು ಬಂತು. ನನ್ನ ಮನೆಯ ಬಾಗಿಲು ಹೆಬ್ಬಲಸಿನದು. ಅದನ್ನು ನಾನೇ ಕೊಯ್ದಿದ್ದೇನೆ. ಹದಿನಾಲ್ಕು ವರ್ಷದಿಂದ ದಿನಾ ತೆಗೆದು ಮುಚ್ಚಿದ ಬಾಗಿಲು ಕಾಡಿನಲ್ಲಿ ಎದುರು ನಿಂತಾಗ ಗುರುತು ಸಿಗಲಿಲ್ಲ.

ಮಗಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸುಮ್ಮನೆ ಮಂಜಪ್ಪನ ಪಕ್ಕಕ್ಕೆ ಸರಿದು, ಮುಂದಿನ ಮರಕ್ಕೆ ನನ್ನನ್ನು ಕೇಳದೆ ಅವರನ್ನೇ ಕೇಳಿದಳು. ಅದರ ಮುಂದಿನದಕ್ಕೂ ಅವರನ್ನೇ. ಧೂಪದ ಮರದ ಅಂಟು, ಬಲಗೆ ಮರದ ಬೇರು, ಯಾವ ಹಣ್ಣಿಗೆ ಯಾವ ಹಕ್ಕಿ, ಒಂದೂ ಬಿಡಲಿಲ್ಲ. ನಾನು ನೀರಿನ ಬಾಟಲಿ, ಚಕ್ಕುಲಿ ಡಬ್ಬಿ ಹೊತ್ತು ಹಿಂದಿನಿಂದ ಬಂದೆ. ಒಳಗೆ ಪುಡಿಯೊಲೆ ಹತ್ತಿಕೊಂಡಿತು. ಆ ಮನುಷ್ಯನಿಗೆ ಒಂದು ಮರದ ಹೆಸರಾದರೂ ಮರೆಯಬಾರದೇ, ಒಂದು ಬೇರಾದರೂ ಎಡವಬಾರದೇ ಎಂದು ನಾನು ದಾರಿಯುದ್ದಕ್ಕೂ ಹಾರೈಸಿದ್ದು ನಿಜ. ಬೇರು ಎಡವಿದವನು ನಾನು.

"ರೀ, ಮುಖ ಯಾಕೆ ಹಾಗ್ ಮಾಡ್ಕೊಂಡಿದೀರಿ?" ಎಂದಳು ಸುಜಾತ.

"ಬಿಸಿಲು" ಎಂದೆ. ಅಲ್ಲಿ ಬಿಸಿಲು ಎಂಬುದು ನೆಲಕ್ಕೆ ಬೀಳುತ್ತಲೇ ಇರಲಿಲ್ಲ.

ನನಗೂ ಏನೋ ಗೊತ್ತಿದೆಯೆಂದು ತೋರಿಸಬೇಕಿತ್ತು. ಜೇಬಿನಲ್ಲಿ ಟೇಪು ಇದ್ದೇ ಇರುತ್ತದೆ. ಮದುವೆಮನೆಗೆ ಹೋದರೂ ಅದು ಬಿಟ್ಟು ಹೋಗುವವನಲ್ಲ. ಒಂದು ದೈತ್ಯ ಧೂಪದ ಬುಡಕ್ಕೆ ಸುತ್ತು ಹಾಕಿ, ಕೈಬೆರಳಲ್ಲಿ ಲೆಕ್ಕ ಹಿಡಿದು, "ಮಾನ್ಯ, ಇದ್ರಲ್ಲಿ ನಮ್ಮ ಬೀದಿಯ ಅಷ್ಟೂ ಮನೆಗೆ ಕಿಟಕಿ ಆಗ್ತದೆ ನೋಡು" ಎಂದೆ.

ಮಂಜಪ್ಪ ನಿಂತರು. "ಸಾರ್, ಟೇಪು ಒಳಗಿಡಿ. ಇಲ್ಲಿ ಮರಕ್ಕೆ ಟೇಪು ಹಿಡ್ದೋರನ್ನ ನಾವು ಬೇರೆ ಥರ ಮಾತಾಡಿಸ್ತೀವಿ."

ಸುಜಾತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಗಳು ಈ ಸಲ ನೆಲ ನೋಡಿದಳು. ಅವಳಿಗೆ ನನ್ನ ಬಗ್ಗೆ ನಾಚಿಕೆಯಾಯಿತು ಎಂದು ಗೊತ್ತಾದಾಗ ಆದ ಸಂಕಟ ಇದೆಯಲ್ಲ, ಅದು ಹೊಟ್ಟೆಯದಲ್ಲ. ಇನ್ನೂ ಸ್ವಲ್ಪ ಮೇಲಿನದು.

ವಾಪಸು ಬರುವಾಗ ದಾರಿಗೆ ಅಡ್ಡ ಒಂದು ಹಳೆಯ ಮರ ಬಿದ್ದಿತ್ತು. ತೊಗಟೆ ಹೋಗಿ, ಪಾಚಿ ಹತ್ತಿ, ಒಳಗೆಲ್ಲ ಕೊಳೆತು ಲಡ್ಡಾಗಿತ್ತು. "ಇದ್ಯಾವುದು ಅಂಕಲ್?" ಎಂದಳು ಮಾನ್ಯ. ಮಂಜಪ್ಪ ಅತ್ತ ನೋಡಿ, ಇತ್ತ ನೋಡಿ, "ಇದು ನಾ ಬರೋ ಮುಂಚೆ ಬಿದ್ದಿದ್ದು. ಎಲೆ ಇಲ್ಲ, ತೊಗಟೆ ಇಲ್ಲ. ಹೇಳಕ್ಕಾಗಲ್ಲ ಪುಟ್ಟಿ" ಎಂದರು.

"ಅಪ್ಪ ಹೇಳ್ತಾರೆ" ಎಂದಳು ಅವಳು.

ಓಡಿ ಹೋಗಿ ಒಂದು ಚೂರು ಕಿತ್ತು ತಂದಳು. ನಾನು ಬಂಡೆಯ ಮೇಲೆ ಕೂತೆ. ಅವಳು ಹಿಂದಿನಿಂದ ಕಣ್ಣು ಮುಚ್ಚಿದಳು. ಆ ಕೈಗೆ ಹೆಬ್ಬಲಸಿನ ಹಾಲು ಇನ್ನೂ ಅಂಟಿತ್ತು. ಚೂರನ್ನು ಮೂಸಿದೆ. ಮತ್ತೆ ಮೂಸಿದೆ. ಮಣ್ಣಿನ ವಾಸನೆ, ಅಷ್ಟೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಾಯಿಗೆ ಬಂದ ಯಾವ ಹೆಸರು ಹೇಳಿದ್ದರೂ ಮಂಜಪ್ಪ ತಲೆಯಾಡಿಸುತ್ತಿದ್ದರು, ಪದವಿ ಉಳಿಯುತ್ತಿತ್ತು. ಆದರೆ ಆ ಪುಟ್ಟ ಕೈಯೊಳಗೆ ಕಣ್ಣಿಟ್ಟುಕೊಂಡು ಸುಳ್ಳು ಹೇಳಲು ಧೈರ್ಯ ಬರಲಿಲ್ಲ.

"ಗೊತ್ತಾಗ್ತಿಲ್ಲ ಮಗಾ" ಎಂದೆ. "ಬರೀ ಮಣ್ಣಿನ ವಾಸನೆ. ಆಗ ನಂದಿ ಅಂದಿದ್ದೂ ಸುಮ್ನೆ ಅಂದಿದ್ದು."

ಕೈ ಸರಿಯುತ್ತದೆಂದು ಕಾದೆ. ಅದು ಅಲ್ಲೇ ಇತ್ತು. ತಲೆಯ ಮೇಲಿನಿಂದ ಮಗಳ ಮಾತು ಕೇಳಿಸಿತು. "ಅಪ್ಪಂಗೇ ವಾಸ್ನೆ ಸಿಗ್ಲಿಲ್ಲ ಅಂದ್ರೆ ಇದು ಈಗ ಮರ ಅಲ್ಲ ಅಂಕಲ್, ಮಣ್ಣೇ. ಹೆಬ್ಬಲಸಿಂದೂ ಒಂದ್ ಚಕ್ಕೆ ಕೊಟ್ಟಿದ್ರೆ ಅಪ್ಪ ಕರೆಕ್ಟಾಗಿ ಹೇಳ್ತಿದ್ರು."

ಚೂರನ್ನು ಇದ್ದ ಜಾಗದಲ್ಲೇ ಇಡಲು ಅವಳು ಓಡಿದಳು. ಮಂಜಪ್ಪ ಅವಳನ್ನೇ ನೋಡುತ್ತ ನಿಂತಿದ್ದರು. "ನಂಗೂ ಒಬ್ಳು ಮಗ್ಳು ಸಾರ್, ಇದೇ ಪ್ರಾಯ. ಇಷ್ಟು ವರ್ಷಕ್ಕೆ ಒಂದ್ ಮರದ ಹೆಸ್ರೂ ಕೇಳ್ಲಿಲ್ಲ ನನ್ನತ್ರ" ಎಂದರು.

ಆ ಕಣ್ಣಲ್ಲಿದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಜಾತಿಯನ್ನು ನಾನು ಮೂಸದೆಯೂ ಹೇಳಬಲ್ಲೆ. ಕನಿಕರ ಹುಟ್ಟಬೇಕಿತ್ತು. ಮೊದಲು ಹುಟ್ಟಿದ್ದು ಸಂತೋಷ, ಸುಳ್ಳೇಕೆ. ಕನಿಕರ ಸ್ವಲ್ಪ ತಡವಾಗಿ ಬಂತು. "ಒಂದ್ಸಲ ಸಾಗರಕ್ಕೆ ಕರ್ಕಂಡ್ ಬನ್ನಿ. ಮಿಲ್ಲೆಲ್ಲ ತೋರಿಸ್ತೀನಿ, ನಮ್ಮನೇಲೇ ಊಟ" ಎಂದೆ.

ಮಂಜಪ್ಪ ಗೇಟಿನವರೆಗೂ ಯೋಚಿಸಿದರು. ಆಮೇಲೆ ತಮ್ಮ ಮೆಲ್ಲನೆಯ ದನಿಯಲ್ಲಿ, "ಬ್ಯಾಡ ಸಾರ್" ಎಂದರು. "ಅಲ್ಲಿ ಬಂದು ಅವ್ಳು ನಿಮ್ಮನ್ನೇ ಕೇಳ್ತಾ ಕೂತ್ರೆ?"

ನಾನು ಒತ್ತಾಯ ಮಾಡಲಿಲ್ಲ.