ಹಸಿರು ಬಳೆಯ ಕೆಳಗಿನ ಗಂಟು

ತಾಂಬಾದ ಅಕ್ಕನ ಮನೆಗೆ ಆ ದಿನ ನಾನು ತಂಗಿಯಾಗಿ ಹೋಗಿರಲಿಲ್ಲ, ಆಸ್ಪತ್ರೆಯ ನರ್ಸ್ ಆಗಿ ಹೋಗಿದ್ದೆ. ಭಾವನಿಗೆ ಕ್ಷಯ ಎಂದು ಗೊತ್ತಾಗಿತ್ತು. ಕೆಮ್ಮು ಜ್ವರ ಇಲ್ಲದಿದ್ದರೂ ಮನೆಯವರ ಮೈಯಲ್ಲಿ ಆ ರೋಗಾಣು ಮಲಗಿರಬಹುದು. ಅದು ಏಳುವ ಮೊದಲೇ ಹಿಡಿಯಬೇಕು. ಅದಕ್ಕೆ ಮುಂಗೈಯ ಒಳಮಗ್ಗುಲಲ್ಲಿ, ಚರ್ಮದಡಿ ಒಂದು ಹನಿ ಔಷಧ ಚುಚ್ಚಿ, ಎರಡು ದಿನ ಬಿಟ್ಟು ಬಂದು, ಗಂಟು ಎದ್ದಿದ್ದರೆ ಸ್ಕೇಲ್ ಹಿಡಿದು ಅಳೆಯುತ್ತೇವೆ. ಗಂಟು ದೊಡ್ಡದಿದ್ದರೆ ರೋಗಾಣು ಒಳಗಿದೆ ಎಂದರ್ಥ. ಅಕ್ಕನಿಗೂ ಅವಳ ಮಗಳಿಗೂ ಎಡಗೈಗೆ ಚುಚ್ಚಿ ಬಂದೆ.

ಎರಡು ದಿನ ಬಿಟ್ಟು ಹೋದರೆ ಅಂಗಳದಲ್ಲಿ ಬಳೆಗಾರ ಬುಟ್ಟಿ ಕಟ್ಟುತ್ತಿದ್ದ. ಮಗಳ ಮದುವೆ ವಾರದೊಳಗಿತ್ತು. ಅವಳ ಕೈಗಳಲ್ಲಿ ಮಣಿಕಟ್ಟಿನಿಂದ ಮೊಣಕೈ ಹತ್ತಿರದವರೆಗೆ ಹಸಿರು ಗಾಜಿನ ಬಳೆಗಳು ಒತ್ತೊತ್ತಾಗಿ ಕೂತಿದ್ದವು. ಚುಚ್ಚಿದ ಜಾಗ ಅವುಗಳ ಕೆಳಗೆ.

"ನಾಕು ಬಳಿ ತಗಿಬೇಕಕ್ಕಾ," ಅಂದೆ.

"ಹುಚ್ಚಿ ಅದೀಯೇನು? ಮದಿಮಗಳ ಕೈಯಾಗಿನ ಬಳಿ ಒಡಿತೀಯಾ?" ಅಕ್ಕ ಕಣ್ಣು ಕೆಂಪು ಮಾಡಿದಳು.

ಮಗಳು ನಕ್ಕಳು. "ಬಿಡ ಚಿಗವ್ವಾ, ನಂಗೇನಾಗೇತಿ? ಎಮ್ಮಿ ಹಂಗ ಅದೇನಿ."

ಬಳೆಗಳ ಸಂದಿಯಲ್ಲಿ ಕಿರುಬೆರಳು ತೂರಿಸಿದೆ. ಗಟ್ಟಿಯಾದದ್ದೇನೋ ತಾಕಿತು. ಬಳೆ ಒತ್ತಿ ಬಾತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ರಕ್ತ ತೆಗೆದು ವಿಜಯಪುರಕ್ಕೆ ಪರೀಕ್ಷೆಗೆ ಕಳಿಸಬಹುದಿತ್ತು. ಅದಕ್ಕೆ ಬಳೆ ಅಡ್ಡವೂ ಬರುತ್ತಿರಲಿಲ್ಲ. ಅಕ್ಕನ ಮುಖ ನೋಡಿ ಅದನ್ನೂ ಬಿಟ್ಟೆ. ಮದುವೆ ಮನೆಯಲ್ಲಿ ಕೆಟ್ಟವಳಾಗುವುದು ಯಾಕೆಂದು ರಜಿಸ್ಟರಿನಲ್ಲಿ "ಗಂಟಿಲ್ಲ" ಎಂದು ಬರೆದೆ. ಅಂಥ ಹೇಡಿ ನಾನು. ಅಕ್ಕನ ಕೈಯಲ್ಲಿ ಗಂಟು ಎದ್ದಿತ್ತು. ಅವಳಿಗೆ ತಿಂಗಳುಗಟ್ಟಲೆ ಗುಳಿಗೆ ನುಂಗಿಸಿದೆ. ಅವಳು ಇಂದಿಗೂ ಗಟ್ಟಿಮುಟ್ಟಾಗಿದ್ದಾಳೆ.

ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ವರ್ಷ ತುಂಬುವುದರೊಳಗೆ ಕೆಮ್ಮು ಹತ್ತಿತು. ಅಪ್ಪನ ರೋಗವೇ ಇರಬಹುದೆಂದು ಗಂಡ ಅಂದಾಗಲೆಲ್ಲ, "ನಮ್ಮ ಚಿಗವ್ವ ನೋಡ್ಯಾಳ್ರಿ, ನಂಗ ಅದಿಲ್ಲ," ಎನ್ನುತ್ತಿದ್ದಳಂತೆ. ನನ್ನ ಮೇಲೆ ಅಷ್ಟು ನಂಬಿಕೆ ಅವಳಿಗೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎರಡೂ ಶ್ವಾಸಕೋಶ ಹಾಳಾಗಿದ್ದವು. ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಕ್ಕನಿಗೆ ಅದನ್ನು ನಾನೇ ಹೇಳಬೇಕು. ಇನ್ನೂ ಹೇಳಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ನೀರು ಬೇಕೆಂದು ಮಗಳು ಎಡಗೈ ಎತ್ತಿದಳು. ಉಳಿದಿದ್ದ ಹಸಿರು ಬಳೆಗಳೆಲ್ಲ ಗಲಗಲ ಎನ್ನುತ್ತಾ ಮೊಣಕೈ ದಾಟಿ ಜಾರಿದವು. ಮುಂಗೈ ಪೂರ್ತಿ ಬರಿದಾಯಿತು. ಆವತ್ತು ನಾನು ನೋಡಬೇಕಾಗಿದ್ದ ಜಾಗ ಈಗ ಚೆನ್ನಾಗಿ ಕಾಣುತ್ತಿತ್ತು.