ಮೇಜಿನ ಕೆಳಗಿನ ಕ್ಲಾಸು

ನನ್ನ ಮೊಮ್ಮಗಳಿಗೆ ಗಂಟೆಯ ಸದ್ದು ಆಗಿಬರುವುದಿಲ್ಲ. ಮುಂಬೈಯ ಆಂಟಾಪ್ ಹಿಲ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿರುವ ಬಾಲವಾಡಿಯಲ್ಲಿ ಗಂಟೆ ಬಾರಿಸಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ಮಾತೂ ಕಡಿಮೆ. ಬಾಗಿಲ ಮೇಲೆ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂಬ ಬಣ್ಣದ ಬೋರ್ಡಿತ್ತು. ಅದರ ಕೆಳಗೇ ನಿಂತು ದೊಡ್ಡ ಟೀಚರು ನನಗೆ ಹೇಳಿದರು: ಇನ್‌ಸ್ಪೆಕ್ಷನ್ ದಿನ ಹುಡುಗಿ ಎಲ್ಲರ ಜೊತೆ ವೃತ್ತದಲ್ಲಿ ಕೂತರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷ ಸೀಟಿಲ್ಲ.

ಕ್ಲಾಸು ನೋಡಿಕೊಳ್ಳುವ ಸಣ್ಣ ಟೀಚರು ನಮ್ಮ ವಿಜಯಪುರದ ಕಡೆಯ ಹುಡುಗಿ.

“ಸರಕಾರದ ಪಾಲಿಸಿ ಚಲೋನ ಐತ್ರಿ ಅಜ್ಜಿ,” ಎಂದಳು. “ಎಲ್ಲಾ ಮಕ್ಕಳನ್ನೂ ಸೇರಿಸ್ಕೋರಿ ಅಂತಾರ. ನನಗ ಎರಡ ಕೈ ಅದಾವ ಅಂತ ಬರದವ್ರಿಗೆ ಯಾರೂ ಹೇಳಿಲ್ಲ.”

“ನನ್ನವೂ ಎರಡು ತಗೋವಾ. ಹಳೇವು, ಆದ್ರ ನಡೀತಾವ.”

“ಹೊರಗಿನವ್ರು ಒಳಗ ಕುಂಡ್ರಂಗಿಲ್ರಿ. ರಜಿಸ್ಟರ್‌ನಾಗ ಹೆಸರಿದ್ದವ್ರಷ್ಟ.”

“ಹಂಗಿದ್ರ ಬರ್ಕೋ!”

ಬರೆದುಕೊಂಡೇಬಿಟ್ಟಳು. ನಗುತ್ತಲೇ, ಆದರೆ ಪೆನ್ನಿನಲ್ಲಿ. ಮರುದಿನದಿಂದ ನಾನು ಅಂಗೈಯಗಲದ ಕುರ್ಚಿಯಲ್ಲಿ ಕೂತು ಹಾಜರಿಗೆ “ಪ್ರೆಸೆಂಟ್” ಎನ್ನತೊಡಗಿದೆ. ಡಬ್ಬಿಯಲ್ಲಿ ಚಕ್ಕುಲಿ ತಂದದ್ದಕ್ಕೆ ಬೈಸಿಕೊಂಡೆ. ಸಣ್ಣ ಟೀಚರು ಗಂಟೆಯನ್ನು ಬಚ್ಚಿಟ್ಟು ಕೆಂಪು ದುಪಟ್ಟಾ ಬೀಸುವುದನ್ನು ಶುರುಮಾಡಿದಳು. ದುಪಟ್ಟಾ ಮೇಲೆದ್ದರೆ ಮೊಮ್ಮಗಳು ಎಲ್ಲರಿಗಿಂತ ಮೊದಲು ಬಂದು ವೃತ್ತದಲ್ಲಿ ಕೂರುತ್ತಿದ್ದಳು. ಸೀಟು ನಮ್ಮದೇ ಅಂದುಕೊಂಡೆ.

ಇನ್‌ಸ್ಪೆಕ್ಷನ್ ದಿನ ಇಲಾಖೆಯ ಮೇಡಂ ಬಂದರು. ದೊಡ್ಡ ಟೀಚರು ಉತ್ಸಾಹದಲ್ಲಿ ಆ ಗಂಟೆಯನ್ನು ಹುಡುಕಿ ತೆಗೆದು, ಭರ್ಜರಿಯಾಗಿ ಬಾರಿಸಿಬಿಟ್ಟರು.

ಮೊಮ್ಮಗಳು ಮೇಜಿನ ಕೆಳಗೆ! ಅಲ್ಲಿ ಅವಳೊಬ್ಬಳೇ ಕಂಡರೆ ಕತೆ ಮುಗಿಯಿತು. ನಾನೂ ಸೀರೆ ಎತ್ತಿಕಟ್ಟಿ ನುಗ್ಗಿದೆ. ಅಜ್ಜಿ ಹೋದದ್ದು ಕಂಡು ಉಳಿದ ಮಕ್ಕಳೂ ನುಗ್ಗಿದವು. ಜಾಗ ಸಾಲದವು ಪಕ್ಕದ ಮೇಜನ್ನು ಎಳೆದು ಜೋಡಿಸಿಕೊಂಡವು. ಸಣ್ಣ ಟೀಚರು ಖಾಲಿ ಕ್ಲಾಸನ್ನೊಮ್ಮೆ ನೋಡಿದಳು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು, ತಾನೂ ತೆವಳಿಕೊಂಡು ಬಂದಳು.

“ಯೇ ಕ್ಯಾ ಹೈ?” ಎಂದರು ಮೇಡಂ.

ಕೆಳಗಿನಿಂದಲೇ ಟೀಚರು ತನ್ನ ಹಿಂದಿಯಲ್ಲಿ ವಿವರಿಸಿದಳು: ಮಗು ಕ್ಲಾಸಿಗೆ ಹೊಂದಬೇಕಿಲ್ಲ, ಕ್ಲಾಸೇ ಮಗುವಿಗೆ ಹೊಂದಬೇಕು ಅಂತಲ್ಲವೇ ಪಾಲಿಸಿ ಇರುವುದು? ಮಗು ಇಲ್ಲಿದೆ. ಅದಕ್ಕೆ ಕ್ಲಾಸೂ ಇಲ್ಲಿದೆ.

ಮೇಡಂ ಬಗ್ಗಿ ತಲೆ ಎಣಿಸಿದರು. ನನ್ನದೂ ಸೇರಿ ರಜಿಸ್ಟರಿಗೆ ಸರಿಹೋಯಿತು. ಮೊಮ್ಮಗಳ ಸುತ್ತ ನಾವು ಒತ್ತಿಕೊಂಡು ಕೂತದ್ದನ್ನು ನೋಡಿ, ಎಲ್ಲರೂ ವೃತ್ತದಲ್ಲಿ ಕೂತಿದ್ದಾರೆ ಎಂದು ಟಿಕ್ ಹಾಕಿ ಹೊರಟರು. ಮಕ್ಕಳು ಎದ್ದವು. ನನ್ನ ಮಂಡಿ ಮಾತ್ರ ಏಳಲೊಲ್ಲದು. ಕೊನೆಗೆ ಮೇಜನ್ನೇ ನನ್ನ ಮೇಲಿಂದ ಎತ್ತಿದರು.

ಗಂಟೆ ಈಗ ವಾಚ್‌ಮನ್ ಹತ್ತಿರ ಇದೆ. ಮೊಮ್ಮಗಳಿಗೆ ಮುಂದಿನ ಕ್ಲಾಸಿಗೆ ಸೀಟು ಸಿಕ್ಕಿತು. ಅಲ್ಲಿನ ಟೀಚರಿಗೂ ಒಂದು ಕೆಂಪು ದುಪಟ್ಟಾ ಕೊಡಿಸಿದ್ದೇನೆ. ನನ್ನನ್ನು ಮಾತ್ರ ಹಳೇ ಕ್ಲಾಸಿನಲ್ಲೇ ಉಳಿಸಿಕೊಂಡರು.

“ಹೊಸಾ ಕೂಸೊಂದು ಬರಾಕತ್ತೈತ್ರಿ ಅಜ್ಜಿ,” ಎಂದಳು ಸಣ್ಣ ಟೀಚರು. “ಅದು ಕಪಾಟಿನ್ಯಾಗ ಹೋಗಿ ಕುಂಡ್ರತೈತಂತ. ನೀವು ಅದರಾಗ ಹಿಡೀತೀರೋ ಇಲ್ಲೋ, ಒಮ್ಮೆ ಹೊಕ್ಕು ನೋಡ್ರಿ.”